ಮರದ ಕೆಳಗಿನ ಅರ್ಧ ಮಕ್ಕಳದು

ನಿನ್ನೆ ಸಂಜೆ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆವು. ಕ್ರಿಸ್‌ಮಸ್‌ಗೆ ಮನೆ ಸಿಂಗಾರ ಮುಗಿದಿದೆ, ಮಕ್ಕಳನ್ನೂ ಕರ್ಕೊಂಡು ಬನ್ನಿ ಅಂತ ಕರೆದಿದ್ದರು. ನಿಜಕ್ಕೂ ಚೆಂದ ಇತ್ತು. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಆಳೆತ್ತರದ ಮರ. ಬಿಳಿ, ಬಂಗಾರ ಬಿಟ್ಟರೆ ಮೂರನೇ ಬಣ್ಣವಿಲ್ಲ. ಗಾಜಿನ ಗುಂಡುಗಳನ್ನೆಲ್ಲ ಅಳತೆ ಹಿಡಿದು ತೂಗುಹಾಕಿದ ಹಾಗಿತ್ತು. ಪಕ್ಕದಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವುದು, ಅದರ ಸುತ್ತ ಸಣ್ಣ ಸಣ್ಣ ದೀಪ. ಎಲ್ಲರೂ ಫೋನ್ ತೆಗೆದು ಫೋಟೋ ಹೊಡೆದರು. ನಾನೂ ಹೊಡೆದೆ.

ಆಮೇಲೆ ಆ ಮನೆಯ ಮಗುವಿನ ಮೇಲೆ ಕಣ್ಣು ಬಿತ್ತು. ಮೂರು ವರ್ಷ ಇರಬಹುದು. ಮರದಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಎರಡೂ ಕೈ ಬೆನ್ನ ಹಿಂದೆ. ಒಂದು ಕೈಯ ಬೆರಳುಗಳನ್ನು ಇನ್ನೊಂದು ಕೈ ಬಿಗಿಯಾಗಿ ಹಿಡಿದಿತ್ತು. "ನೋಡಿ, ಎಷ್ಟು ಚೆನ್ನಾಗಿ ಕಲಿತಿದಾನೆ, ಮುಟ್ಟೋದೇ ಇಲ್ಲ" ಅಂತ ಮನೆಯವರು ಹೆಮ್ಮೆಯಿಂದ ಹೇಳಿದರು.

ನನಗೆ ಅಲ್ಲಿ ಕೂರುವುದಕ್ಕೇ ಆಗಲಿಲ್ಲ. ಏನೋ ನೆಪ ಹೇಳಿ ಬೇಗ ಎದ್ದು ಬಂದೆವು. ರಾತ್ರಿಯೆಲ್ಲ ಆ ಪುಟ್ಟ ಬೆರಳುಗಳೇ ಕಣ್ಣ ಮುಂದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಓದುವಷ್ಟು ತಾಳ್ಮೆ ಇರುವವರು ಓದಿ.

ಕ್ರಿಸ್‌ಮಸ್ ಅಂದರೆ ಒಂದು ಮಗು ಹುಟ್ಟಿದ ಹಬ್ಬ. ಆ ಹಬ್ಬಕ್ಕೆ ಮನೆ ಸಿಂಗರಿಸಿ, ಮನೆಯಲ್ಲಿರುವ ಮಗುವಿಗೆ "ದೂರ ನಿಲ್ಲು, ಮುಟ್ಟಬೇಡ" ಅಂದರೆ ಆ ಸಿಂಗಾರ ಯಾರಿಗೆ? ಬರುವ ನೆಂಟರಿಗಾ? ಫೋಟೋ ನೋಡುವವರಿಗಾ? ಎರಡು ವಾರ ಆ ಮರದ ಜೊತೆ ಬದುಕುವುದು ಆ ಮಗು. ಬೆಳಿಗ್ಗೆ ಎದ್ದ ತಕ್ಷಣ ಅದನ್ನೇ ನೋಡುತ್ತದೆ, ರಾತ್ರಿ ಮಲಗುವಾಗಲೂ ಅದನ್ನೇ ನೋಡುತ್ತದೆ. ದಿನಕ್ಕೆ ನೂರು ಸಲ ಅದರ ಮುಂದೆ ಓಡಾಡುತ್ತದೆ. ನೂರು ಸಲವೂ ಬೇಡ ಬೇಡ ಬೇಡ.

ಒಂದು ವಿಷಯ ಯೋಚಿಸಿ. ನಾವು ಇವತ್ತು ಮನೆಯಲ್ಲಿ ಇಡುವ ಎಷ್ಟೋ ಸಿಂಗಾರ ಹುಟ್ಟಿದ್ದೇ ಮಕ್ಕಳಿಗಾಗಿ, ಮಕ್ಕಳ ಕೈಯಲ್ಲಿ. ಬಾಲ್ಕನಿಯಲ್ಲಿ ತೂಗುಹಾಕುವ ಚೂಪು ಚೂಪು ಮೂಲೆಗಳ ಕಾಗದದ ನಕ್ಷತ್ರ ಇದೆಯಲ್ಲ, ಅದರ ಹಳೆಯ ರೂಪ 1830ರ ದಶಕದ್ದು. ಜರ್ಮನಿಯ ನೀಸ್ಕಿ ಅನ್ನುವ ಊರಲ್ಲಿ ಮೊರೇವಿಯನ್ ಸಭೆ ಅನ್ನುವ ಕ್ರೈಸ್ತ ಪಂಗಡದವರ ಹುಡುಗರ ಶಾಲೆಯಿತ್ತು. ಅಲ್ಲಿ ರೇಖಾಗಣಿತ ಕಲಿಸುವುದಕ್ಕೆ ಹುಡುಗರಿಂದ ಕಾಗದ ಮಡಚಿಸಿ ಮಾಡಿಸುತ್ತಿದ್ದ ನಕ್ಷತ್ರ ಅದು. ಅಂಟು ಮೆತ್ತಿದ ಕೈಗಳಿಂದ ಬಂದದ್ದು. ಇನ್ನು ಆಗಮನ ಕಾಲದಲ್ಲಿ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ, ಮೇಣದಬತ್ತಿ ಹಚ್ಚುವ ಹಸಿರೆಲೆಯ ಬಳೆ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖರ್ನ್ ಅನ್ನುವ ದೇವಶಾಸ್ತ್ರಜ್ಞರು ಅದರ ಮೊದಲ ರೂಪ ಮಾಡಿದರು. ಹಬ್ಬ ಇವತ್ತು ಬಂತಾ, ನಾಳೆ ಬರುತ್ತಾ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. ಅವರು ಒಂದು ಹಳೆಯ ಗಾಡಿ ಚಕ್ರ ತಂದು ಅದರ ಮೇಲೆ ಬತ್ತಿ ಜೋಡಿಸಿದರು. ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ. ದಿನಕ್ಕೊಂದು ಹಚ್ಚಿದರೆ ಮಕ್ಕಳೇ ಲೆಕ್ಕ ಇಡಬಹುದು. ಮಕ್ಕಳ ಪ್ರಶ್ನೆಯನ್ನು ಗದರಿ ಬಾಯಿ ಮುಚ್ಚಿಸದೆ, ಉತ್ತರವನ್ನು ಕೈಗೆ ಕೊಟ್ಟ ಮನುಷ್ಯ. ಅವರ ಬಗ್ಗೆ ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ಮರದ ಕಥೆಯೂ ಅಷ್ಟೇ. 1605ರ ಒಂದು ಬರಹದಲ್ಲಿ ಸ್ಟ್ರಾಸ್‌ಬರ್ಗ್‌ನ ಮನೆಗಳ ಮರ ಹೇಗಿತ್ತು ಅಂತ ಇದೆ. ಬಣ್ಣ ಬಣ್ಣದ ಕಾಗದದ ಗುಲಾಬಿ, ಸೇಬು, ಸಕ್ಕರೆಯ ತಿನಿಸು. ಒಡೆಯುವ ಗಾಜಿನ ಗುಂಡುಗಳು ಬಂದದ್ದು ಎಷ್ಟೋ ಆಮೇಲೆ, 19ನೇ ಶತಮಾನದಲ್ಲಿ, ಜರ್ಮನಿಯ ಲೌಷಾದ ಗಾಜು ಊದುವವರಿಂದ. ಅದಕ್ಕೂ ಮುಂಚಿನ ಮರ ಕೈಗೆ ಸಿಗುವ, ಬಾಯಿಗೆ ಹೋಗುವ ಮರ. ಸ್ವೀಡನ್‌ನಲ್ಲಿ ಈಗಲೂ ಜನವರಿ 13ಕ್ಕೆ ಮಕ್ಕಳನ್ನು ಕರೆದು ಮರವನ್ನು 'ಲೂಟಿ' ಮಾಡಿಸುತ್ತಾರೆ. ಕುಣಿದು, ಹಾಡಿ, ಮರದ ಮೇಲೆ ಉಳಿದ ಸಿಹಿಯನ್ನೆಲ್ಲ ಕಿತ್ತು ತಿಂದು, ಆಮೇಲೆ ಮರವನ್ನು ಹೊರಗೆ ಹಾಕುವುದು. ಅಂಥ ಮರವನ್ನು ನಾವು ಹಗ್ಗ ಕಟ್ಟಿದ ಮ್ಯೂಸಿಯಂ ವಸ್ತು ಮಾಡಿಬಿಟ್ಟಿದ್ದೇವೆ.

"ಮಕ್ಕಳು ಶಿಸ್ತು ಕಲಿಯಬೇಡ್ವಾ? ಎಲ್ಲಾ ಮುಟ್ಟೋಕೆ ಬಿಟ್ಟರೆ ನಾಳೆ ಬೇರೆಯವರ ಮನೆಯಲ್ಲೂ ಹಾಗೇ ಮಾಡಲ್ವಾ?" ಈ ಮಾತು ಬಂದೇ ಬರುತ್ತದೆ ಅಂತ ಗೊತ್ತು. ನಿನ್ನೆ ವಾಪಸ್ ಬರುವಾಗ ಗಾಡಿಯಲ್ಲೇ ಬಂತು, ನಮ್ಮ ಮನೆಯವರಿಂದಲೇ. ಕಲಿಯಬೇಕು, ಇಲ್ಲ ಅನ್ನಲ್ಲ. ಆದರೆ ಎರಡು-ಮೂರು ವರ್ಷದ ಮಗುವಿನ ಕೈ ಅದರ ಮಾತನ್ನೇ ಪೂರ್ತಿ ಕೇಳುವುದಿಲ್ಲ. ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಆ ವಯಸ್ಸಿಗೆ ಈಗಷ್ಟೇ ಮೊಳಕೆ ಒಡೆಯುತ್ತಿರುತ್ತದೆ. ಅದು ಬಲಿಯುವುದಕ್ಕೆ ವರ್ಷಗಳೇ ಬೇಕು. ಮಿನುಗುವ ಗುಂಡು ಕಣ್ಣೆದುರು ತೂಗುತ್ತಿರುವಾಗ ಮಗು ಮುಟ್ಟುವುದು ಹಟದಿಂದಲ್ಲ. ಆ ವಯಸ್ಸಿನಲ್ಲಿ ಅದಕ್ಕೆ ಪ್ರಪಂಚ ಗೊತ್ತಾಗುವುದೇ ಕೈಯಿಂದ. ಶಿಸ್ತು ಕಲಿಸುವುದಕ್ಕೆ ವರ್ಷದಲ್ಲಿ 365 ದಿನ ಇದೆ. ಊಟದ ತಟ್ಟೆ ಎತ್ತಿಡು, ಚಪ್ಪಲಿ ಜೋಡಿಸು ಅಂತ ಕಲಿಸಿ. ಅದಕ್ಕೆ ಹಬ್ಬವೇ ಆಗಬೇಕಾ?

ಈಗ ನನ್ನದೇ ಕಥೆ ಹೇಳಬೇಕು. ಹೇಳದೇ ಇದ್ದರೆ ಮೇಲೆ ಬರೆದದ್ದಕ್ಕೆಲ್ಲ ಅರ್ಥ ಇರುವುದಿಲ್ಲ.

ಮೂರು ವರ್ಷದ ಹಿಂದೆ. ದೊಡ್ಡವಳಿಗೆ ಆಗ ಮೂರು ತುಂಬಿತ್ತು. ನನ್ನ ಅಮ್ಮನ ಕಾಲದ ಗೋದಲಿಯ ಗೊಂಬೆಗಳು ನನ್ನ ಹತ್ತಿರ ಇವೆ, ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಮಣ್ಣಿನವು. ಯೇಸುವಿನ ತಾಯಿ ಮರಿಯಮ್ಮನ ಸೆರಗಿನ ನೀಲಿ ಬಣ್ಣ ಅಂಚಲ್ಲಿ ಸವೆದು ಮಣ್ಣು ಕಾಣುತ್ತದೆ. ಬಾಲಯೇಸು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಹಬ್ಬದ ಮಾರನೇ ದಿನ ಗೋದಲಿಯಲ್ಲಿ ನೋಡಿದರೆ ಮಗು ಇಲ್ಲ. ಹುಲ್ಲು ಮಾತ್ರ ಇದೆ. ಮನೆಯೆಲ್ಲ ಹುಡುಕಿದೆ. ಕೊನೆಗೆ ಇವಳ ಸ್ವೆಟರ್ ಜೇಬು ಉಬ್ಬಿದ್ದು ಕಾಣಿಸಿತು. ಕೈ ಹಾಕಿ ತೆಗೆದೆ. ಮಗುವಿನ ಬಲಗೈ ಮುರಿದಿತ್ತು.

ನಾನು ಹೊಡೆದೆ. ಕೈ ಮೇಲೆ. ಎರಡೇಟು. ಅಮ್ಮನ ನೆನಪಿನ ಗೊಂಬೆ ಅಂತ ನನಗೆ ಅಷ್ಟು ಸಿಟ್ಟು ಬಂದಿತ್ತು.

ಅವಳು ಅತ್ತಳು. ಅಳುತ್ತಲೇ ಹೇಳಿದಳು, "ಪಾಪುಗೆ ಚಳಿ ಆಗ್ತಿತ್ತಮ್ಮ."

ಬಟ್ಟೆ ಇಲ್ಲದೆ ಹುಲ್ಲಿನ ಮೇಲೆ ಮಲಗಿದ್ದ ಮಗುವನ್ನು ಎತ್ತಿ ಬೆಚ್ಚಗೆ ಜೇಬಲ್ಲಿ ಇಟ್ಟುಕೊಂಡಿದ್ದಳು. ಆ ಗೋದಲಿಯನ್ನು ಅಷ್ಟು ವರ್ಷ ಎಷ್ಟು ಜನ ನೋಡಿದ್ದೇವೆ, ಕೈ ಮುಗಿದಿದ್ದೇವೆ. ಅದರಲ್ಲಿರುವ ಮಗುವಿಗೆ ಚಳಿ ಆಗಬಹುದು ಅಂತ ಯೋಚಿಸಿದವಳು ಇವಳೊಬ್ಬಳೇ. ಅದಕ್ಕೆ ನಾನು ಹೊಡೆದಿದ್ದೆ.

ಆ ಹಬ್ಬದ ಉಳಿದ ದಿನಗಳಲ್ಲಿ ಅವಳು ಗೋದಲಿ ಹತ್ತಿರ ಹೋಗಲೇ ಇಲ್ಲ. ನಾನು ಕರೆದರೆ ಬಂದು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದಳು. ಕೈ ಬೆನ್ನ ಹಿಂದೆ. "ಮುಟ್ಟಲ್ಲ ಅಮ್ಮ" ಅನ್ನುತ್ತಿದ್ದಳು. ನಿನ್ನೆ ಆ ಹುಡುಗ ನಿಂತಿದ್ದು ಥೇಟ್ ಹಾಗೆಯೇ. ನನಗೆ ಅಲ್ಲಿ ಕೂರುವುದಕ್ಕೆ ಯಾಕೆ ಆಗಲಿಲ್ಲ ಅಂತ ಈಗ ಗೊತ್ತಾಗಿರಬೇಕು.

1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚೊ ಅನ್ನುವ ಹಳ್ಳಿಯಲ್ಲಿ ಗೋದಲಿ ಮಾಡಿಸಿದಾಗ ನಿಜವಾದ ಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆಯನ್ನು ತರಿಸಿದ್ದರು. ಆ ಮಗು ಎಂಥ ಕಷ್ಟದಲ್ಲಿ ಹುಟ್ಟಿತು, ಹುಲ್ಲಿನ ಮೇಲೆ ಹೇಗೆ ಮಲಗಿತು ಅಂತ ಕಣ್ಣಾರೆ ಕಾಣಬೇಕು ಅನ್ನುವುದು ಅವರ ಆಸೆ. ಅವರು ತೋರಿಸಬೇಕು ಅಂತಿದ್ದ ಆ ಚಳಿ, ಆ ಬಡತನ ನನ್ನ ಮಗಳಿಗೆ ಯಾರೂ ಹೇಳಿಕೊಡದೆ ಕಂಡಿತ್ತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ. ಮರದ ಕೆಳಗಿನ ಅರ್ಧ ಮಕ್ಕಳದು. ಅಲ್ಲಿ ಏನು ತೂಗುಹಾಕಬೇಕು, ಎಷ್ಟು ಸಲ ಬಿಚ್ಚಿ ಕಟ್ಟಬೇಕು ಎಲ್ಲ ಅವರಿಗೆ ಬಿಟ್ಟಿದ್ದು. ಬಟ್ಟೆಯ ಗೊಂಬೆ, ರಟ್ಟಿನ ನಕ್ಷತ್ರ, ಉಲ್ಲನ್ ಉಂಡೆ, ದೊಡ್ಡ ಮರದ ಗಂಟೆ. ಒಡೆಯುವಂಥದ್ದು, ಅಮ್ಮನ ಕಾಲದ್ದು, ನನಗೆ ಜೀವದಷ್ಟು ಇಷ್ಟವಾದದ್ದು ಮೇಲಿನ ಅರ್ಧಕ್ಕೆ ಅಥವಾ ಬೀರುವಿಗೆ. ಮಗು ಹೇಗೂ ಬೆಳೆಯುತ್ತದೆ, ಆ ಗಾಜಿನ ಗುಂಡು ನಾಲ್ಕು ವರ್ಷ ಡಬ್ಬದಲ್ಲಿ ಕಾದರೆ ಏನೂ ಕೆಡುವುದಿಲ್ಲ.

"ಮುಟ್ಟಲು ಬಿಡಿ ಅಂತೀರಲ್ಲ, ಅಪಾಯ ಆದರೆ?" ಅಂತ ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ಖಾರವಾಗಿಯೇ ಇರುತ್ತದೆ. ಅಪಾಯದ ವಸ್ತುವನ್ನು ಎರಡು ವರ್ಷದ ಮಗುವಿನ ಎತ್ತರಕ್ಕೆ ಇಟ್ಟು, ಅದನ್ನು ಕಾಯುವ ಕೆಲಸವನ್ನೂ ಆ ಮಗುವಿಗೇ ಕೊಡುವುದು ಯಾವ ನ್ಯಾಯ? ಗದರಿಕೆಯಿಂದ ಯಾವ ಮಗುವೂ ಸುರಕ್ಷಿತ ಆಗುವುದಿಲ್ಲ. ಆ ವಸ್ತುವೇ ಅಲ್ಲಿ ಇರಬಾರದು.

ಅದರಲ್ಲೂ ಬಟನ್ ಸೆಲ್. ಇದೊಂದನ್ನು ದಯವಿಟ್ಟು ಗಮನ ಇಟ್ಟು ಓದಿ. ಬ್ಯಾಟರಿಯಲ್ಲಿ ಉರಿಯುವ ಪುಟ್ಟ ಮೇಣದಬತ್ತಿ, ತೆರೆದರೆ ಹಾಡುವ ಗ್ರೀಟಿಂಗ್ ಕಾರ್ಡ್, ಮಿನುಗುವ ಟೋಪಿ, ಸಣ್ಣ ರಿಮೋಟ್, ಇವುಗಳಲ್ಲೆಲ್ಲ ನಾಣ್ಯದ ಹಾಗಿರುವ ಸೆಲ್ ಇರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಆಳವಾಗಿ ಸುಟ್ಟುಬಿಡಬಹುದು. ಒದ್ದೆ ಜಾಗಕ್ಕೆ ತಾಗಿದ ಕೂಡಲೇ ಕರೆಂಟ್ ಹರಿದು ಅಲ್ಲಿ ಕ್ಷಾರ ಹುಟ್ಟುತ್ತದೆ, ಸುಡುವುದು ಅದೇ. ದೀಪ ಉರಿಸುವಷ್ಟು ಶಕ್ತಿ ಇಲ್ಲದ ಹಳೆಯ ಸೆಲ್ಲಿನಿಂದಲೂ ಹೀಗೆ ಆಗುತ್ತದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗಬೇಡಿ, ನಾಳೆ ನೋಡೋಣ ಅನ್ನಬೇಡಿ, ನೇರ ಆಸ್ಪತ್ರೆಗೆ ಓಡಿ. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಸಾಮಾನನ್ನು ನಾನು ಮನೆಯೊಳಗೇ ಬಿಡುವುದಿಲ್ಲ. ಯಾರು ಎಷ್ಟು ಪ್ರೀತಿಯಿಂದ ಕೊಟ್ಟಿದ್ದರೂ ಸರಿ.

ಗಂಟಲಿಗೆ ಸಿಕ್ಕಿಕೊಳ್ಳುವ ಸಾಮಾನು ಯಾವುದು ಅಂತ ನೋಡಲು ಸುಲಭದ ದಾರಿ ಇದೆ. ಟಿಶ್ಯೂ ರೋಲ್ ಖಾಲಿಯಾದ ಮೇಲೆ ಉಳಿಯುವ ರಟ್ಟಿನ ಕೊಳವೆಯೊಳಗೆ ಹಾಕಿ ನೋಡಿ. ಅದರೊಳಗೆ ತೂರಿದರೆ ಮೂರು ವರ್ಷದೊಳಗಿನ ಮಗುವಿನ ಕೈಗೆ ಅದು ಬೇಡ. ಗೋದಲಿಯ ಕುರಿಮರಿಗಳು ನಮ್ಮಲ್ಲಿ ಹೀಗೇ ಮೇಲಿನ ಶೆಲ್ಫಿಗೆ ಹೋದವು. ಒಣ ಹುಲ್ಲಿನ ಪಕ್ಕ ಮೇಣದಬತ್ತಿ ಬೇಡವೇ ಬೇಡ. ಮರವನ್ನು ಗೋಡೆಗೆ ಒಂದು ದಾರದಿಂದ ಬಿಗಿಯಾಗಿ ಕಟ್ಟಿ, ಮಗು ಜಗ್ಗಿದರೂ ಮೈಮೇಲೆ ಬೀಳುವುದಿಲ್ಲ. ಸೀರಿಯಲ್ ಲೈಟಿನ ವೈರ್ ಕೆಳಗೆ ಜೋತಾಡದ ಹಾಗೆ ಮೇಲಕ್ಕೆ ಸುತ್ತಿ. ಇಷ್ಟು ಮಾಡುವುದಕ್ಕೆ ನನಗೆ ಅರ್ಧ ದಿನ ಬೇಕಾಯಿತು. ಆಮೇಲೆ ಹದಿನೈದು ದಿನ ಒಂದು ಸಲವೂ ಕೂಗಾಡಿಲ್ಲ.

ಈ ವರ್ಷದ ನಮ್ಮ ಮರ ಹೇಗಿದೆ ಗೊತ್ತಾ? ಚಿಕ್ಕವನು ಎರಡು ವರ್ಷದವನು. ಅವನಿಗೆ ಒಂದೇ ಕೊಂಬೆ ಇಷ್ಟ. ಅವನ ಮೂಗಿನ ನೇರಕ್ಕೆ ಇರುವ ಕೊಂಬೆ. ಹನ್ನೊಂದು ರಟ್ಟಿನ ನಕ್ಷತ್ರ ಅದೊಂದರಲ್ಲೇ. ಭಾರಕ್ಕೆ ಬಾಗಿ ನೆಲ ಮುಟ್ಟುತ್ತಿದೆ. ಅದರ ಪಕ್ಕದ ಕೊಂಬೆ ಬೋಳು. ಮೊನ್ನೆ ರಾತ್ರಿ ಇಬ್ಬರೂ ಮಲಗಿದ ಮೇಲೆ ಅವನ್ನು ಸ್ವಲ್ಪ ಹರಡಿ ಹಾಕೋಣ ಅಂತ ಕೈ ಚಾಚಿದೆ. ಒಂದು ನಕ್ಷತ್ರ ಬಿಚ್ಚಿಯೂ ಬಿಟ್ಟೆ. ಬೆಳಿಗ್ಗೆ ಎದ್ದು ಅವನು ಮೊದಲು ಓಡುವುದು ಆ ಕೊಂಬೆ ಹತ್ತಿರ ಅಂತ ನೆನಪಾಯಿತು. ಇದ್ದಲ್ಲೇ ವಾಪಸ್ ಕಟ್ಟಿದೆ.

ಗೋದಲಿಯನ್ನು ದೊಡ್ಡವಳೇ ಮಾಡಿದ್ದಾಳೆ. ಶೂ ಡಬ್ಬದ್ದು. ಕುರುಬರ ಸಾಲಿನಲ್ಲಿ ಒಂದು ಆಟದ ಬಸ್ಸೂ ನಿಂತಿದೆ, ಬಾಲಯೇಸುವನ್ನು ನೋಡಲು ಮೂವರು ಜ್ಞಾನಿಗಳು ತುಂಬಾ ದೂರದಿಂದ ಬರಬೇಕಲ್ಲ, ಅವರಿಗಂತೆ. ಮಣ್ಣಿನ ಬಾಲಯೇಸುವಿನ ಕೈಯನ್ನು ನಾನು ಆವತ್ತೇ ಅಂಟಿಸಿದ್ದೆ. ಗೀರು ಈಗಲೂ ಕಾಣುತ್ತದೆ. 24ರ ರಾತ್ರಿಯವರೆಗೆ ಅದು ಬೀರುವಿನಲ್ಲಿ ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಇರುತ್ತದೆ. ಈ ಸಲ ತೆಗೆದು ಗೋದಲಿಯಲ್ಲಿ ಇಡುವವಳು ಅವಳು. ನಾನೇ ಕೇಳಿದೆ, "ನೀನು ಇಡ್ತೀಯಾ ಪುಟ್ಟಿ?" ಅಂತ. ಅವಳು ತಕ್ಷಣ ಏನೂ ಹೇಳಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೂಂ ಅಂದಳು.

ಎರಡು ದಿನದಿಂದ ಅಭ್ಯಾಸ ನಡೆಯುತ್ತಿದೆ. ಹೊದಿಸಲು ಕರ್ಚೀಫ್ ಮಡಚಿಟ್ಟಿದ್ದಾಳೆ. ಖಾಲಿ ಬೊಗಸೆ ಹಿಡಿದುಕೊಂಡು ಬೀರುವಿನಿಂದ ಗೋದಲಿಯವರೆಗೆ, ಉಸಿರು ಬಿಗಿಹಿಡಿದು, ಒಂದೊಂದೇ ಹೆಜ್ಜೆ.