ಇರೋ ಮನೆಯನ್ನು ದಾನಪತ್ರ ಮಾಡಿಕೊಡುವ ಮುಂಚೆ

ನಮ್ಮ ಮಂಡ್ಯ ಕಡೆ ವಯಸ್ಸಾದವರಿಗೆ ಒಂದು ಅವಸರ. ಕಣ್ಣು ಮುಚ್ಚುವುದರೊಳಗೆ ಎಲ್ಲವನ್ನೂ ಮಕ್ಕಳ ಹೆಸರಿಗೆ ಮಾಡಿಬಿಡಬೇಕು. ಆಸೆ ಒಳ್ಳೆಯದೇ. ಆದರೆ ಮಲಗೋಕೆ ಇರೋ ಒಂದೇ ಮನೆ, ಉಣ್ಣೋಕೆ ಇರೋ ಒಂದೇ ತುಂಡು ಗದ್ದೆ, ಅದನ್ನು ದಯವಿಟ್ಟು ಬದುಕಿರುವಾಗಲೇ ದಾನಪತ್ರ ಮಾಡಿಕೊಡಬೇಡಿ. ವಿಲ್ ಬರೆಯಿರಿ.

ದಾನಪತ್ರ ರಿಜಿಸ್ಟರ್ ಆಯಿತು ಅಂದರೆ ಅವತ್ತೇ ಆಸ್ತಿ ಕೈಬಿಟ್ಟ ಹಾಗೆ. ಆಮೇಲೆ ಮನಸ್ಸು ಬದಲಾಯಿತು ಅಂತ ಸುಮ್ನೆ ವಾಪಸ್ ಕೇಳುವ ಹಾಗಿಲ್ಲ. ವಿಲ್ ಹಾಗಲ್ಲ. ನೀವು ಇರುವತನಕ ಆಸ್ತಿ ನಿಮ್ಮದೇ. ಬೇಡ ಅನ್ನಿಸಿದರೆ ರದ್ದು ಮಾಡಿ ಇನ್ನೊಂದು ಬರೆಯಬಹುದು. ಕೊನೆಯಲ್ಲಿ ಬರೆದದ್ದೇ ನಿಲ್ಲುತ್ತದೆ.

ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಇದನ್ನೇ ಹೇಳಿದ್ದೆ. "ಒಬ್ನೇ ಮಗ ಕಣವ್ವ, ಅವ್ನಿಗಲ್ದೆ ಇನ್ಯಾರಿಗೆ ಕೊಡ್ಲಿ?" ಅಂದರು. ಪತ್ರ ಬರೆಯುವವರು ಕಂಪ್ಯೂಟರಿನಲ್ಲಿದ್ದ ಹಳೇ ಪತ್ರಕ್ಕೇ ಹೆಸರು, ಚಕ್ಕುಬಂದಿ ಬದಲಾಯಿಸಿ ಕೊಟ್ಟರು. ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ ಅಂತ ಇತ್ತು. ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು ಅನ್ನುವ ಒಂದು ಸಾಲು ಇರಲಿಲ್ಲ. ಅಜ್ಜಿ ಹೆಬ್ಬೆಟ್ಟು ಒತ್ತಿ ಬಂದರು. ಖಾತೆ ಬದಲಾಯಿತು, ಮನೆ ಮೇಲೆ ಸಾಲ ಎದ್ದಿತು. ಅಜ್ಜಿಯ ಮಂಚ ಪಡಸಾಲೆಯಿಂದ ಹಿಂದಿನ ಕೊಟ್ಟಿಗೆಗೆ ಹೋಯಿತು. ಈಗ ಊಟ ಮಗಳ ಮನೆಯಿಂದ ಡಬ್ಬಿಯಲ್ಲಿ ಬರುತ್ತದೆ. ಆ ಮಗಳಿಗೆ ಆಸ್ತಿಯಲ್ಲಿ ಒಂದಡಿ ಜಾಗವೂ ಸಿಕ್ಕಿಲ್ಲ.

ಪತ್ರದಲ್ಲಿ ಆ ಒಂದು ಸಾಲು ಇದ್ದಿದ್ದರೆ ದಾರಿ ಸಲೀಸಾಗಿರುತ್ತಿತ್ತು. ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಂ ಇರುವುದೇ ಇದಕ್ಕೆ. 60 ತುಂಬಿದವರು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಕೈಬಿಟ್ಟರೆ, ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದ್ದು ಎಸಿ, ಅಂದರೆ ಉಪವಿಭಾಗಾಧಿಕಾರಿ (ಅಸಿಸ್ಟೆಂಟ್ ಕಮಿಷನರ್) ಅವರ ಮುಂದೆ. ನಮ್ಮ ಜಿಲ್ಲೆಯಲ್ಲಿ ಮಂಡ್ಯ, ಪಾಂಡವಪುರ ಎರಡೂ ಕಡೆ ಎಸಿ ಕಚೇರಿ ಇದೆ. ಆದರೆ ಷರತ್ತು ಇತ್ತು ಅಂತ ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಕೇಸಿನಲ್ಲಿ, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ ಹೇಳಿ ತಾಯಿಗೆ ಆಸ್ತಿ ವಾಪಸ್ ಕೊಡಿಸಿತು. ಅಲ್ಲಿ ನೋಡಿಕೊಳ್ಳುತ್ತೇನೆ ಅಂತ ಮಗ ಬರೆದುಕೊಟ್ಟಿದ್ದ ಕಾಗದದ ಮಾತೂ ಇತ್ತು. ಕೊಡಲೇಬೇಕಾದ ಪ್ರಸಂಗ ಬಂದರೆ ಷರತ್ತನ್ನು ಪತ್ರದೊಳಗೇ ಬರೆಸಿ. ಜೀವ ಇರುವವರೆಗೆ ಆ ಮನೆಯಲ್ಲಿ ವಾಸ ಮಾಡುವ ಹಕ್ಕು ನನ್ನದೇ ಅಂತಲೂ ಬರೆಸಿ.

"ಹಾಗಾದ್ರೆ ಮಕ್ಕಳ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳುವವರು ಜಾಸ್ತಿ. ವಿಲ್ ಬರೆದರೂ ಆಸ್ತಿ ಅದೇ ಮಗನಿಗೇ ಹೋಗುತ್ತದಲ್ಲ. ನಿಮ್ಮ ಕಾಲಾನಂತರ ಹೋಗುತ್ತದೆ, ಅಷ್ಟೇ. ಪ್ರೀತಿ ಇರುವ ಮಗನಿಗೆ ಅದರಿಂದ ಏನು ಕಷ್ಟ?

ವಿಲ್ ಬರೆಯುವುದು ದೊಡ್ಡ ಕೆಲಸವೇನಲ್ಲ. ಸ್ಟ್ಯಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಬರೆಸಿದವರು ಸಹಿ ಮಾಡಬೇಕು, ಅದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ರಿಜಿಸ್ಟರ್ ಕಡ್ಡಾಯವಲ್ಲ. ಆದರೂ ಮಾಡಿಸಿ ಅಂತಲೇ ನಾನು ಹೇಳುತ್ತೇನೆ, ಮುಂದೆ ಜಗಳ ಬಂದಾಗ ಒಂದು ಬಲ. ಸಾಕ್ಷಿಗೆ ನಿಮಗಿಂತ ಚಿಕ್ಕವರನ್ನು ಕರೆಯಿರಿ. ನಾಳೆ ಕೋರ್ಟಿಗೆ ಹೋದರೆ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ.

ಆಸ್ತಿ ಸಿಗುವವರೇ ಮುಂದೆ ನಿಂತು ವಿಲ್ ಬರೆಸುವುದು ಬೇಡ. ಹಳೇ ಮೈಸೂರು ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಕೇಸು ಇದೆ, ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ. 1958ರ ತೀರ್ಪು. ವಿಲ್ ಬರೆಸುವುದರಲ್ಲಿ ಮುಂದಾಗಿದ್ದವರಿಗೇ ದೊಡ್ಡ ಲಾಭ ಆಗಿದ್ದರೆ ಅದು ಅನುಮಾನಕ್ಕೆ ಕಾರಣ, ಆ ಅನುಮಾನ ಕಳೆಯುವ ಹೊಣೆ ವಿಲ್ ತಂದವರದೇ ಅಂತ ಅದರಲ್ಲಿ ಹೇಳಿದೆ. ಇವತ್ತಿಗೂ ವಿಲ್ ಕೇಸುಗಳಲ್ಲಿ ವಕೀಲರು ಅದನ್ನೇ ಎತ್ತುತ್ತಾರೆ.

ಪಿತ್ರಾರ್ಜಿತದ ವಿಷಯ ಬೇರೆ. ಹಿಂದೂ ಕುಟುಂಬದಲ್ಲಿ ಅಪ್ಪ ವಿಲ್ ಬರೆಯಬಹುದಾದ್ದು ತನ್ನ ಪಾಲಿಗೆ ಮಾತ್ರ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಪಾಲಿದೆ. ಸ್ವಯಾರ್ಜಿತವಾದರೆ, ವಿಲ್ ಇಲ್ಲದೆ ಅಪ್ಪ ತೀರಿಕೊಂಡರೆ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಇದ್ದರೆ ಅವರೂ ಸೇರಿ ಎಲ್ಲರಿಗೂ ಸಮಪಾಲು. ತಿಥಿ ಮುಗಿಯುತ್ತಿದ್ದ ಹಾಗೆ ಅಕ್ಕತಂಗಿಯರ ಮುಂದೆ ಹಕ್ಕು ಬಿಡುಗಡೆ ಪತ್ರ ಇಟ್ಟು ಸಹಿ ಕೇಳುವುದನ್ನು ನೋಡಿದರೆ ನನಗೆ ತಡೆಯಲಾರದ ಸಿಟ್ಟು ಬರುತ್ತದೆ. ಅಳುತ್ತಾ ಕೂತವರಿಗೆ ಯೋಚನೆ ಮಾಡಲು ಸಮಯ ಕೊಡಬೇಕು, ಅಲ್ವಾ?

ನಿಮ್ಮ ಮನೆಯ ಹಿರಿಯರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಟಿದ್ದರೆ, ಪತ್ರದ ಕರಡನ್ನು ಹಿಂದಿನ ದಿನವೇ ಮನೆಗೆ ತರಿಸಿ. ಓದು ಬರುವ ಮೊಮ್ಮಗಳೋ ಮೊಮ್ಮಗನೋ ಪಕ್ಕದಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಲಿ.