ಬಾಯಿ ಬರದೆ ಹೋದ ಊಟದ ಹೊತ್ತು

ಹತ್ತನೇ ತರಗತಿ ಪರೀಕ್ಷೆ ಮುಗಿದ ಮೇಲೆ ಮಗಳು ಎರಡೇ ದಿನದಲ್ಲಿ ಓದಿ ಮುಗಿಸಿದ ಕಾದಂಬರಿ ಆ್ಯಂಜಿ ಥಾಮಸ್ ಅವರ ‘ದ ಹೇಟ್ ಯು ಗಿವ್’. ಅವಳ ಒತ್ತಾಯಕ್ಕೆ ನಾನೂ ಓದಿದೆ. ವಾರವಾಯಿತು, ಇನ್ನೂ ಮನಸ್ಸಿನಿಂದ ಇಳಿದಿಲ್ಲ.

2009ರಲ್ಲಿ ಅಮೆರಿಕದ ಓಕ್ಲಂಡ್‌ನ ರೈಲು ನಿಲ್ದಾಣದಲ್ಲಿ ಆಸ್ಕರ್ ಗ್ರಾಂಟ್ ಎಂಬ ನಿರಾಯುಧ ಕಪ್ಪು ಯುವಕ ಪೊಲೀಸ್ ಗುಂಡಿಗೆ ಬಲಿಯಾದ. ಆ ಸಂಕಟದಲ್ಲಿ ಮಿಸಿಸಿಪ್ಪಿಯಲ್ಲಿ ಆಗ ಕಾಲೇಜು ಹುಡುಗಿಯಾಗಿದ್ದ ಥಾಮಸ್ ಬರೆದ ಸಣ್ಣಕಥೆಯೇ ಬೆಳೆದು 2017ರಲ್ಲಿ ಈ ಕಾದಂಬರಿಯಾಯಿತು. ಕಥಾನಾಯಕಿ, 16ರ ಕಪ್ಪು ಹುಡುಗಿ ಸ್ಟಾರ್‌ಳ ಕಣ್ಣೆದುರೇ ಬಾಲ್ಯದ ಗೆಳೆಯ ಖಲೀಲ್‌ನನ್ನು ಪೊಲೀಸನೊಬ್ಬ ಕೊಲ್ಲುತ್ತಾನೆ. ಪೊಲೀಸನ ಕಣ್ಣಿಗೆ ಬಂದೂಕಾಗಿ ಕಂಡದ್ದು ತಲೆ ಬಾಚುವ ಬ್ರಷ್.

ಪೊಲೀಸರು ತಡೆದರೆ ಕೈ ಕಾಣುವಂತೆ ಇಡಬೇಕು, ಥಟ್ಟನೆ ಅಲುಗಾಡಬಾರದು ಎಂದು ಸ್ಟಾರ್‌ಗೆ 12ನೇ ವಯಸ್ಸಿಗೇ ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಟೆಕ್ಸಸ್‌ನ ಕೇಟಿ ಎಂಬಲ್ಲಿನ ಶಾಲಾ ಆಡಳಿತ ಈ ಪುಸ್ತಕವನ್ನು ಶಾಲೆಗಳ ಕಪಾಟಿನಿಂದಲೇ ತೆಗೆಸಿತ್ತು. 12ರ ಮಗುವಿಗೆ ಆ ಪಾಠ ಬೇಕಾಗುವ ದೇಶದಲ್ಲಿ 15ರ ಮಗು ಅದರ ಕಥೆ ಓದಬಾರದೆಂದರೆ ನನಗೆ ಸಿಟ್ಟು ಬರುತ್ತದೆ.

ಕೊನೆಯಲ್ಲಿ ಧ್ವನಿವರ್ಧಕ ಹಿಡಿದು ನಿಲ್ಲುವ ಸ್ಟಾರ್ ಎಲ್ಲರಿಗೂ ಇಷ್ಟ. ನನ್ನನ್ನು ಕಾಡಿದ್ದು ಬಾಸ್ಕೆಟ್‌ಬಾಲ್ ಅಂಗಳ. ಚೆಂಡನ್ನು ಕರಿದ ಕೋಳಿ ಎಂದುಕೊಂಡು ಆಡು ಎನ್ನುತ್ತಾಳೆ ಬಿಳಿಯ ಗೆಳತಿ ಹೇಲಿ. ಕಪ್ಪು ಜನರನ್ನು ಹಂಗಿಸಲು ತಲೆಮಾರುಗಳಿಂದ ಬಳಸಿದ ಮಾತು ಅದು. ಸ್ಟಾರ್ ನೊಂದರೆ, ನೊಂದದ್ದೇ ತಪ್ಪು ಎಂಬಂತೆ ವಾದ ಬೇರೆ. ಚೀನೀ ಮೂಲದ ಇನ್ನೊಬ್ಬ ಗೆಳತಿ ಮಾಯಾಳನ್ನೂ, ಹಬ್ಬಕ್ಕೆ ಬೆಕ್ಕು ತಿಂದಿರಾ ಎಂದು ಹೇಲಿ ಹಿಂದೊಮ್ಮೆ ಕೇಳಿರುತ್ತಾಳೆ. ಆಗ ಸ್ಟಾರ್ ಅಲ್ಲೇ ಇದ್ದಳು, ತಡೆಯಲಿಲ್ಲ. ಪೊಲೀಸನ ಮೇಲೆ ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷಿ ಹೇಳುವಷ್ಟು ಗಟ್ಟಿ ಹುಡುಗಿ ಅವಳು. ಅವಳಿಗೂ ಗೆಳತಿಯ ಎದುರು ಬಾಯಿ ಬರಲಿಲ್ಲ. ಗೆಳೆತನ ಕೆಟ್ಟೀತೆಂಬ ಆ ಅಳುಕನ್ನು ಥಾಮಸ್ ಬರೆದದ್ದು ಓದಿ ಪುಸ್ತಕ ಮಡಚಿಟ್ಟೆ.

ಯಾಕೆಂದರೆ ನನಗೊಂದು ಊಟದ ಹೊತ್ತು ನೆನಪಾಯಿತು. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಮಣಿಪುರದವಳು. ಒಂದು ರಾತ್ರಿ ನಮ್ಮದೇ ಗುಂಪಿನವಳೊಬ್ಬಳು, ‘ಇವತ್ತು ನಿನಗೆ ನಾಯಿ ಮಾಂಸ ಸಿಗಲಿಲ್ಲವೇ?’ ಎಂದಳು. ಎಲ್ಲರೂ ನಕ್ಕರು. ಅವಳು ಸಾರನ್ನವನ್ನು ಬೆರಳಲ್ಲಿ ಒತ್ತಟ್ಟಿಗೆ ಸರಿಸಿ, ತಟ್ಟೆ ತೊಳೆದಿಟ್ಟು ಹೋದಳು. ಮರುದಿನದಿಂದ ನಮ್ಮ ಮೇಜಿಗೆ ಬರಲಿಲ್ಲ. ಕೋಣೆಯಲ್ಲಿ ಮಾತ್ರ ಎಂದಿನಂತೆ ನನಗೆ ಬಿಸಿನೀರು ಹಿಡಿದಿಡುತ್ತಿದ್ದಳು.

ಇದನ್ನು ಮಗಳಿಗೆ ಮೊನ್ನೆ ಮೊದಲ ಸಲ ಹೇಳಿದೆ.

‘ಅಮ್ಮಾ, ಆಗ ನೀನೇನು ಹೇಳಿದೆ?’

‘ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ’ ಎಂದೆ.