ಕೆಂಚಿ ಮುಧೋಳ ಕ್ರಾಸ್ ಅಲ್ಲ, ಬಿಡ್ರಿ

ಬಾಗಲಕೋಟೆ ಜಿಲ್ಲೆಯಲ್ಲಿ ಬಡಕಲು ನಾಯಿ ಕಂಡರೆ ಸಾಕು, ‘ಮುಧೋಳ ಕ್ರಾಸ್ ಇರಬೇಕು’ ಅನ್ನೋರು ಒಬ್ಬರಾದರೂ ಸಿಗುತ್ತಾರೆ. ಅಂದರೆ ನಮ್ಮ ಮುಧೋಳದ ಹೆಸರಾಂತ ಬೇಟೆ ನಾಯಿ ತಳಿಯ ರಕ್ತ ಬೆರೆತದ್ದು ಅಂತ. ನವನಗರದ ಬಸ್ ಸ್ಟ್ಯಾಂಡ್ ಕಡೆ ಸಿಕ್ಕ ಬೀದಿ ನಾಯಿ ಕೆಂಚಿಯನ್ನು ಮನೆಗೆ ತಂದಾಗಿನಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಪಕ್ಕದ ಮನೆ ಕಾಕಾ ಅಂತೂ ಗೇಟ್ ಹತ್ತಿರ ನಿಂತು ತೀರ್ಪು ಕೊಟ್ಟೇಬಿಟ್ಟರು. “ಹೊಟ್ಟಿ ನೋಡ್ರಿ ಅಕ್ಕಾರ, ಹೆಂಗ ಒಳಗ ಹೋಗೈತಿ. ಇದು ಮುಧೋಳದ್ದ.”

“ಹಸದ್ರ ಎಲ್ಲಾರ ಹೊಟ್ಟಿನೂ ಒಳಗ ಹೋಗ್ತೈತ್ರಿ ಕಾಕಾ” ಅಂದೆ.

ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಮುಧೋಳ ಆಳಿದ ಘೋರ್ಪಡೆ ರಾಜರು ಇಂಗ್ಲೆಂಡಿನ ದೊರೆಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟ ಕಥೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಸೈನ್ಯದವರೂ ಒಯ್ದು ತರಬೇತಿ ಕೊಟ್ಟರು. ಹೆಮ್ಮೆ ಇರಲಿ. ಆದರೆ ಆ ಹೆಮ್ಮೆಯನ್ನು ಬೀದಿಯಲ್ಲಿ ಸಿಕ್ಕ ಪ್ರತಿ ನಾಯಿಯ ಕೊರಳಿಗೂ ಕಟ್ಟೋದು ಯಾಕೆ?

ಮುಧೋಳ ನಾಯಿ ಅಂದ್ರೆ ಸುಮ್ನೆ ಸಣಕಲು ನಾಯಿ ಅಲ್ಲ. ತಲೆ ಉದ್ದ, ಮೂತಿ ಉದ್ದ. ಎದೆ ಆಳ. ಕಿವಿ ಕೆನ್ನೆಗೆ ಅಂಟಿಕೊಂಡು ಜೋತು ಬಿದ್ದಿರುತ್ತವೆ. ಹೆಣ್ಣು ನಾಯಿಯೇ ಭುಜದ ಹತ್ತಿರ ಎರಡಡಿ ದಾಟುತ್ತದೆ. ನಮ್ಮ ಕೆಂಚಿ ನನ್ನ ಮೊಣಕಾಲಿಗೆ ಬರುತ್ತಾಳೆ. ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿದ್ದು. ಬಾಲ ಬೆನ್ನ ಮೇಲೆ ಜಿಲೇಬಿ ಥರ ಸುತ್ತಿಕೊಂಡಿದೆ. ಹಾಲಿಗೆ ಜೋಳದ ರೊಟ್ಟಿ ಮುರಿದು ಹಾಕಿ, ನಡುನಡುವೆ ಮೊಟ್ಟೆ ಕೊಟ್ಟು, ಜಂತಿನ ಔಷಧಿ ಹಾಕಿಸಿದ ಮೇಲೆ ಆ ‘ಮುಧೋಳದ ಹೊಟ್ಟೆ’ ಎಲ್ಲಿಗೆ ಹೋಯಿತೋ! ಪಕ್ಕೆಲುಬು ಈಗ ಕೈಗೆ ಸಿಗುತ್ತವೆ, ಕಣ್ಣಿಗೆ ಕಾಣೋದಿಲ್ಲ. ನಾಯಿ ತಂದ ವಾರದಲ್ಲೇ ತಳಿ ಹೇಳೋರು ಮೊದಲು ಅದಕ್ಕೆ ಕೆಲವು ತಿಂಗಳು ಹೊಟ್ಟೆ ತುಂಬ ಊಟ ಹಾಕಿ ನೋಡಲಿ.

ಹಾಗಂತ ಕ್ರಾಸ್ ಆಗೋದೇ ಇಲ್ಲ ಅಂತಲ್ಲ. ಮುಧೋಳ, ಲೋಕಾಪುರದ ಕಡೆ ಮನೆಮನೆಯಲ್ಲಿ ಸಾಕುತ್ತಾರೆ. ಬಿಟ್ಟ ನಾಯಿ ಊರೆಲ್ಲ ಓಡಾಡುತ್ತದೆ. ಆ ರಕ್ತ ಬೀದಿಗೂ ಬಂದಿರುತ್ತದೆ. ಆದರೆ ಅದನ್ನು ಕಣ್ಣಳತೆಯಲ್ಲಿ ಹೇಳೋದು ಕಷ್ಟ. ನಾಯಿಯ ಗುಣಗಳನ್ನು ನಡೆಸೋ ಜೀನ್‌ಗಳು 39 ಜೊತೆ ಕ್ರೋಮೋಸೋಮ್‌ಗಳಲ್ಲಿ ಹರಡಿಕೊಂಡಿವೆ. ನಮ್ಮ ಕಣ್ಣಿಗೆ ಬೀಳುವ ಬಣ್ಣ, ಕೂದಲಿನ ಉದ್ದ, ಗಿಡ್ಡ ಕಾಲು ಇವನ್ನೆಲ್ಲ ನಡೆಸೋದು ಅವುಗಳಲ್ಲಿ ಬೆರಳೆಣಿಕೆಯವು ಮಾತ್ರ. ಅಜ್ಜ ಮುಧೋಳ ಆಗಿದ್ದರೂ ಮೊಮ್ಮಗನ ಮುಖದಲ್ಲಿ ಅದರ ಸುಳಿವೇ ಇಲ್ಲದಿರಬಹುದು. ಮೇಲಾಗಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರೋದೂ ಉಂಟು. ಕೆಂಚಿಯ ಜೊತೆಗೇ ಹುಟ್ಟಿದ ಮರಿ ಕರಿ ಕೂದಲಿನದ್ದು, ಜೂಲು ಜೂಲು. ಅದನ್ನು ಒಯ್ದವರ ಮನೆಗೆ ಬಂದವರೆಲ್ಲ ‘ಲ್ಯಾಬ್ರಡಾರ್ ಕ್ರಾಸ್’ ಅನ್ನುತ್ತಾರಂತೆ!

ನನಗೆ ನಿಜವಾಗಿ ತಕರಾರಿರೋದು ‘ಕ್ರಾಸ್’ ಅನ್ನುವ ಯೋಚನೆಯ ಬಗ್ಗೆಯೇ. ಎರಡು ತಳಿ ಬೆರೆತು ಕೆಟ್ಟಿದ್ದೇ ಬೀದಿ ನಾಯಿ ಅಂತ ನಾವು ಅಂದುಕೊಂಡಿದ್ದೇವೆ. ಲೆಕ್ಕ ಉಲ್ಟಾ ಇದೆ. ಇವತ್ತು ಅಂಗಡಿಯಲ್ಲಿ ಸಿಗೋ ವಿದೇಶಿ ತಳಿಗಳಲ್ಲಿ ಹೆಚ್ಚಿನವು ಕಳೆದ ಇನ್ನೂರು ವರ್ಷದೊಳಗೆ ರೂಪ ಪಡೆದವು. ತಳಿಗಳ ಪಟ್ಟಿ ಇಡೋಕೆ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಶುರುವಾಗಿದ್ದು 1873ರಲ್ಲಿ. ನಮ್ಮ ಊರನಾಯಿಗಳು ಅದಕ್ಕಿಂತ ಎಷ್ಟೋ ಸಾವಿರ ವರ್ಷ ಮೊದಲೇ ಮನುಷ್ಯರ ಅಂಗಳದಲ್ಲಿ ಬಿದ್ದುಕೊಂಡಿದ್ದವು. ಕೆಂಚಿಗೆ ತಳಿ ತಪ್ಪಿಲ್ಲ. ಅವಳ ವಂಶ ಯಾವ ಪಟ್ಟಿಗೂ ಸೇರಿಲ್ಲ, ಅಷ್ಟೇ.

ಡಿಎನ್‌ಎ ಪರೀಕ್ಷೆ ಮಾಡಿಸಿ ಅಂತ ಪುಣೆಯಲ್ಲಿರೋ ನಮ್ಮ ಅಳಿಯ ಹೇಳಿದ. ಆ ಪರೀಕ್ಷೆ ಮಾಡೋರು ನಾಯಿಯ ಜೊಲ್ಲಿನಲ್ಲಿರೋ ಡಿಎನ್‌ಎಯನ್ನು ತಮ್ಮ ಹತ್ತಿರ ಇರೋ ತಳಿಗಳ ಪಟ್ಟಿಯ ಜೊತೆ ಹೋಲಿಸಿ, ಯಾವ ತಳಿ ಎಷ್ಟು ಅಂತ ಶೇಕಡಾವಾರು ಹೇಳುತ್ತಾರೆ. ಪಟ್ಟಿಯಲ್ಲಿ ನಮ್ಮ ಕಡೆ ನಾಯಿಯೇ ಇಲ್ಲದಿದ್ದರೆ? ಹತ್ತಿರ ಅನ್ನಿಸಿದ ಯಾವುದೋ ಹೆಸರು ಹಚ್ಚಿ ಕಳಿಸುತ್ತಾರೆ. ಆಮೇಲೆ ಅದನ್ನೇ ಹಿಡಿದುಕೊಂಡು ‘ಇದು ಕಾವಲಿಗೆ ಆಗುತ್ತೆ, ಇದು ಮಕ್ಕಳನ್ನ ಕಚ್ಚುತ್ತೆ’ ಅಂತ ಭವಿಷ್ಯ ಹೇಳೋರು ಬೇರೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ 18,000ಕ್ಕೂ ಜಾಸ್ತಿ ನಾಯಿಗಳ ಮಾಲೀಕರನ್ನು ಕೇಳಿ, ಎರಡು ಸಾವಿರದಷ್ಟು ನಾಯಿಗಳ ಡಿಎನ್‌ಎ ಓದಿ ನೋಡಿತ್ತು. ನಾಯಿ ನಾಯಿಗೂ ಸ್ವಭಾವದಲ್ಲಿರೋ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಅಂತ ತಿಳಿಯಿತು. ಕೆಂಚಿ ಹೆಂಗೆ ಅಂತ ಗೊತ್ತಾಗಬೇಕಾದರೆ ಕೆಂಚಿಯ ಜೊತೆ ಇರಬೇಕು. ಪಟಾಕಿಗೆ ಮಂಚದ ಕೆಳಗೆ ಸೇರುತ್ತಾಳೆ, ಹಾಲಿನವನ ಬೈಕ್ ಕಂಡರೆ ಬೀದಿ ಕೊನೆತನಕ ಬೊಗಳುತ್ತಾಳೆ. ಇದು ಯಾವ ತಳಿಯ ಗುಣ ಹೇಳ್ರಿ?

ಆ ಪರೀಕ್ಷೆಯ ದುಡ್ಡಲ್ಲಿ ನಾನು ಅವಳಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದೆ. ರೇಬೀಸ್ ಲಸಿಕೆ ವರ್ಷ ವರ್ಷ ಹಾಕಿಸುತ್ತೇನೆ.

ಇನ್ನು ಮುಧೋಳವೇ ಬೇಕು ಅನ್ನೋರು ಬೀದಿ ಮರಿಗಳಲ್ಲಿ ಹುಡುಕಬೇಡಿ. ‘ಒರಿಜಿನಲ್ ಕ್ರಾಸ್’ ಅಂತ ಮಾರೋರಿಗೂ ದುಡ್ಡು ಕೊಡಬೇಡಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಹೋಗಿ ವಿಚಾರಿಸಿ. ಓಡೋಕೆ ಹೊಲ ಇದ್ದರೆ ಮಾತ್ರ ಹೋಗಿ ಮತ್ತೆ. ಬೇಟೆಗೆ ಬೆಳೆಸಿದ ನಾಯಿ ಅದು, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಕಟ್ಟಿಹಾಕೋದಲ್ಲ.